ಅಂಗಿಯೊಳಗೆ ಹಿಡಿಯದ ಲ್ಯಾಪ್‌ಟಾಪ್

ಬಾಗಲೂರು ರಸ್ತೆ, ಯಲಹಂಕ
ಬುಧವಾರ, ೯ ಜುಲೈ ೨೦೧೪

............ ಅಪ್ಪಾ,

ಮೇಲೆ ‘ಪ್ರೀತಿಯ’ ಅಂತ ಬರೀಬೇಕಂತೆ, ನಿನ್ನ ಮಗಳು ಶಿಲ್ಪ ಹೇಳಿದ್ಲು. ಅದಕ್ಕೆ ಜಾಗ ಬಿಟ್ಟಿದೀನಿ, ಕೊನೇಲಿ ನೋಡೋಣ. ಹೆಂಗಿದೀಯ? ಕೈ ನಡುಕ ನಿಂತಿದೆಯಂತೆ, ಕಾಫಿ ಲೋಟ ಒಂದೇ ಕೈಲಿ ಹಿಡ್ಕೊಂಡು ಕುಡಿದ್ಯಂತೆ, ಹೋದ ಸಲ ನಿನ್ನ ನೋಡಿ ಬಂದ ಅಮ್ಮ ಅದೊಂದನ್ನೇ ಮೂರು ದಿನ ಹೇಳ್ತಿದ್ಲು. ಊಟ ಸೇರ್ತಿದೆಯಾ? ಅಲ್ಲಿ ರಾತ್ರಿ ಬರೀ ಚಪಾತಿ ಅಂತೆ, ಮುದ್ದೆ ಇಲ್ದೆ ನಿಂಗೆ ನಿದ್ದೆ ಹೆಂಗೆ ಬರತ್ತೋ. ಸೊಳ್ಳೆ ಇದ್ರೆ ನಿಮ್ಮ ಸೆಂಟರ್ ಮೇಡಂನ ಕೇಳಿ ಪರದೆ ಇಸ್ಕೊ, ಸುಮ್ನೆ ಕಡಿಸ್ಕೊಂಡು ಮಲಗ್ಬೇಡ. ಆಯ್ತು, ಕೇಳ್ಬೇಕಾದ್ದು ಕೇಳಿದೆ. ಈ ಕಾಗದ ನಿನ್ನ ಕೈಗೆ ಕೊಡೋ ಮುಂಚೆ ಮೇಡಂ ಓದ್ತಾರೆ ಅಂತ ನಂಗೆ ಗೊತ್ತು. ಓದ್ಲಿ. ನಮಸ್ಕಾರ ಮೇಡಂ. ಇದರಲ್ಲಿ ಬೈಗಳು ಇವೆ, ದಯವಿಟ್ಟು ಹೊಡೆದು ಹಾಕ್ಬೇಡಿ, ಹಂಗೇ ಕೊಡಿ. ಕುಡಿತ ಬಿಡಿಸೋ ಜಾಗಕ್ಕೆ ಕಳಿಸಿದ್ದು ಬೈಗಳು ಕೇಳದೇ ಇರ್ಲಿ ಅಂತಲ್ಲ.

ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು, ಕಾಗದ ಬರೆದು ಅಭ್ಯಾಸ ಇಲ್ಲ. ಫ್ಲೆಕ್ಸಿಗೆ ದಿನಾ ಟೈಪ್ ಮಾಡಿ ಮಾಡಿ ತಪ್ಪಿಲ್ದೆ ಬರೋ ದೊಡ್ಡ ಮಾತು ಎರಡೇ. ‘ಹಾರ್ದಿಕ ಶುಭಾಶಯಗಳು’ ಒಂದು, ‘ಭಾವಪೂರ್ಣ ಶ್ರದ್ಧಾಂಜಲಿ’ ಇನ್ನೊಂದು. ನಿನ್ನ ಫೋಟೋ ಮೇಲೆ ಇವೆರಡರಲ್ಲಿ ಯಾವುದನ್ನ ಟೈಪ್ ಮಾಡ್ಬೇಕಾಗತ್ತೋ ಅಂತ ಮೂರು ವರ್ಷದಿಂದ ಹೆದರ್ಕೊಂಡೇ ಕೆಲಸ ಮಾಡಿದೀನಿ. ಗೇರ್ ಹಾಕೋಕೂ ಕೈ ನಿಲ್ಲದೇ ನೀನು ನೀರಿನ ಟ್ಯಾಂಕರ್ ಓಡಿಸ್ತಿದ್ದೆ ನೋಡು, ಆವಾಗ ಎರಡನೇದು ಅಂತಲೇ ಅಂದ್ಕೊಂಡಿದ್ದೆ.

ವಿಷಯಕ್ಕೆ ಬರ್ತೀನಿ. ಹೋದ ವಾರ ಮೇಡಂ ಫೋನ್ ಮಾಡಿ ‘ಚಿಕ್ಕಮುನಿಯಪ್ಪನವರನ್ನ ಮುಂದಿನ ಭಾನುವಾರ ಮನೆಗೆ ಕಳಿಸ್ತೀವಿ, ಕರ್ಕೊಂಡು ಹೋಗೋಕೆ ಯಾರು ಬರ್ತೀರ?’ ಅಂದ್ರು. ಅಮ್ಮ ಫೋನ್ ನನ್ನ ಕೈಗೆ ಕೊಟ್ಟು ಒಲೆ ಹತ್ರ ಹೋದ್ಲು. ನಾನು ‘ಯೋಚನೆ ಮಾಡಿ ಹೇಳ್ತೀನಿ ಮೇಡಂ’ ಅಂತ ಕಟ್ ಮಾಡ್ದೆ. ಮನೆಯವರು ಯಾರೂ ಬರ್ಲಿಲ್ಲ ಅಂದ್ರೆ ನಿನ್ನ ಅಲ್ಲೇ ಇಟ್ಕೋತಾರಂತೆ, ತೋಟದ ಕೆಲಸ ನೋಡ್ಕೊಂಡು ಇರಬೌದಂತೆ. ಅಮ್ಮನ್ನ ಕೇಳಿದೆ, ಏನ್ ಮಾಡೋಣ ಅಂತ. ‘ನೀನ್ ದುಡಿಯೋನು. ನಿನ್ ಮಿಷನ್ ಇರೋ ಮನೆ. ನೀನೇ ಯೋಳು’ ಅಂದ್ಲು. ಹತ್ತೊಂಬತ್ತು ವರ್ಷದೋನ ಕೈಗೆ ತನ್ನ ಗಂಡನ್ನ ಎತ್ತಿ ಕೊಟ್ಟು, ತಾನು ಸೊಪ್ಪು ಸೋಸ್ತಾ ಕೂತ್ಲು. ಅಂದ್ರೆ ನೀನು ಮನೆಗೆ ಬರೋದಾ ಬೇಡ್ವಾ ಅನ್ನೋದು ಈಗ ನನ್ನ ಮಾತಿನ ಮೇಲೆ ನಿಂತಿದೆ. ಬಿದ್ದು ಬಿದ್ದು ನಗು ಬೇಕಾದ್ರೆ.

ಅಮ್ಮ ಹೇಳಿದ ಆ ಮಿಷನ್ ಈಗಿಲ್ಲ. ಹಳೇ ಕಂಪ್ಯೂಟರ್ ಸತ್ತೋಯ್ತು. ಮೇಡಂ ಫೋನ್ ಬಂದ ಮಾರನೇ ದಿನ ಬೆಳಿಗ್ಗೆಯಿಂದ ಕರೆಂಟು ಹೋಗೋದು ಬರೋದು ಆಟ ಆಡ್ತಿತ್ತು, ಯುಪಿಎಸ್ ಅಂತೂ ಯುಗಾದಿಗೇ ಕಣ್ಮುಚ್ಚಿತ್ತು. ಮುನಿಆಂಜಿನಪ್ಪನ ಹುಟ್ಟುಹಬ್ಬದ ಫ್ಲೆಕ್ಸ್ ಮಾಡ್ತಿದ್ದೆ. ಅದೇ, ನಿನ್ನ ಲೀಡರು. ಅವನ ಹಿಂದೆ ಮುಂದೆ ಜೈಕಾರ ಹಾಕ್ಕೊಂಡು ಓಡಾಡಿ ನೀನು ಬಾಟ್ಲು ಹಿಡಿದಿದ್ದು. ಕೆಳಗಡೆ ‘ಶುಭ ಕೋರುವವರು’ ಅಂತ ಸಣ್ಣ ಸಣ್ಣ ಮುಖಗಳನ್ನ ಸಾಲಾಗಿ ಜೋಡಿಸ್ತಿದ್ದೆ. ಹೋದ ವರ್ಷ ನಿನ್ನ ಮುಖ ಇದ್ದ ಜಾಗಕ್ಕೆ ಈ ಸಲ ಯಾರನ್ನ ತುಂಬೋದು ಅಂತ ನೋಡ್ತಿದ್ದಾಗ ಕರೆಂಟು ಬಂತು, ಸಿಪಿಯು ಒಳಗೆ ಪಟ್ ಅಂತು, ಸುಟ್ಟ ರಬ್ಬರ್ ವಾಸನೆ ಬಂತು, ಮುಗೀತು. ಬಿಚ್ಚಿ ನೋಡಿದ್ರೆ ಒಳಗೆ ಒಂದು ಹಲ್ಲಿ, ಜಿರಳೆ ಸಂಸಾರ, ಅದರ ಮೇಲೆ ಒಗ್ಗರಣೆ ಹೊಗೆಯ ಜಿಡ್ಡು. ಅಷ್ಟು ವರ್ಷ ಅಡುಗೆ ಮೂಲೇಲಿ ಇಟ್ಟಿದ್ವಲ್ಲ, ಅದೂ ನಮ್ಮ ಜೊತೆ ಒಗ್ಗರಣೆ ತಿಂದು ತಿಂದು ಸತ್ತಿದೆ. ರಿಪೇರಿಯವನು ಬಗ್ಗಿ ನೋಡಿ ‘ಇದಕ್ಕೆ ಹಾರ ಹಾಕ್ಬಿಡಿ ಬಾಸ್’ ಅಂದ. ಫೋಟೋಗೆ ಹಾರ ಹಾಕೋದು ನನ್ನ ದಿನದ ಕೆಲಸ, ಆದ್ರೆ ಅದಕ್ಕೂ ಕಂಪ್ಯೂಟರ್ ಬೇಕಲ್ಲ ಗುರು ಅಂದೆ. ಓಲ್ಡ್ ಟೌನಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರೋ ಸಬೀರಾ ಅಕ್ಕ, ನಂಗೆ ಕೆಲಸ ಕೊಡೋರು, ಅವರಿಗೆ ಹೇಳಿದ್ರೆ ‘ಅಯ್ಯೋ ಬಾಬಾ, ಮುನಿಆಂಜಿನಪ್ಪ ನಿಂಗೋಸ್ಕರ ಲೇಟಾಗಿ ಹುಟ್ತಾನೇನೋ? ಬೇಗ ಏನಾದ್ರೂ ತಗೋ, ಇಲ್ಲಾಂದ್ರೆ ಬೇರೆ ಹುಡುಗನ್ನ ನೋಡ್ಕೋತೀನಿ, ಆಮೇಲೆ ಮುಖ ಊದಿಸ್ಕೊಂಡು ನಿಲ್ಬೇಡ’ ಅಂದ್ರು. ಬೇರೆ ಹುಡುಗರು ಸಾಲಲ್ಲಿ ನಿಂತಿದಾರೆ ಅಪ್ಪಾ, ನಿಂಗೆ ಗೊತ್ತಿಲ್ಲ. ಈ ಕೆಲಸ ಹೋದ್ರೆ ಶಿಲ್ಪಂದು ಸೆಕೆಂಡ್ ಪಿಯುಸಿ ಅಲ್ಲಿಗೇ ನಿಲ್ಲತ್ತೆ, ಆಮೇಲೆ ಮನೇಲಿ ಓದು ಬಿಟ್ಟೋರು ಇಬ್ಬರು.

ಹೊಸದು ತಗೋಬೇಕು ಅಂತ ಆಯ್ತು. ಏನು ತಗೋಬೇಕು ಅನ್ನೋದೇ ಜಗಳ. ನಾನು ಅಂದೆ, ಮತ್ತೆ ಡೆಸ್ಕ್‌ಟಾಪೇ. ದೊಡ್ಡ ಸಿಪಿಯು, ದೊಡ್ಡ ಮಾನಿಟರ್, ಭಾರದ ಟೇಬಲ್ಲು. ಅಮ್ಮ ಬೇಡವೇ ಬೇಡ ಅಂದ್ಲು. ಯಾಕೆ ಅಂತ ಕೇಳು. ನೀನು ಅಲ್ಲಿಗೆ ಹೋದ ಮೇಲೆ ನಿನ್ನ ಕಬ್ಬಿಣದ ಮಂಚ ಎತ್ತಿ ಹೊರಗೆ ಶೀಟ್ ಕೆಳಗೆ ನಿಲ್ಲಿಸಿ, ಅಡುಗೆ ಮೂಲೆಯಿಂದ ಕಂಪ್ಯೂಟರ್ ಟೇಬಲ್ ನಿನ್ನ ಜಾಗಕ್ಕೆ ಎಳ್ಕೊಂಡಿದ್ದೆ. ನಮ್ಮ ಮನೆ ಎಷ್ಟಗಲ ಅಂತ ನಿಂಗೆ ಗೊತ್ತು, ಎರಡರಲ್ಲಿ ಒಂದೇ ಹಿಡಿಯೋದು. ‘ಆ ದೊಡ್ ಡಬ್ಬ ಬ್ಯಾಡ ಕಣೋ ಮಗಾ. ಮಡಚೋ ಅಂಥದ್ದು ತಗೋ. ಟೇಬಲ್ ಎತ್ತಿದ್ರೆ ನಿಮ್ಮಪ್ಪನ ಮಂಚ ಒಳಕ್ ಬತ್ತದೆ’ ಅಂದ್ಲು. ನೀನೇ ಯೋಳು ಅಂತ ನನ್ನ ಮೇಲೆ ಹಾಕಿ, ಇತ್ತ ಮಂಚಕ್ಕೆ ಜಾಗ ಅಳೀತಿದ್ಲು. ಡೆಸ್ಕ್‌ಟಾಪ್ ತಂದ್ರೆ ನಿಂಗೆ ಮನೇಲಿ ಜಾಗ ಇಲ್ಲ. ಲ್ಯಾಪ್‌ಟಾಪ್ ತಂದ್ರೆ ನಿಂಗೆ ಜಾಗ ಇದೆ, ಆದ್ರೆ ನೀನಿರೋ ಮನೇಲಿ ಲ್ಯಾಪ್‌ಟಾಪ್ ಇರತ್ತಾ? ಅದು ನನ್ನ ಪ್ರಶ್ನೆ. ಬಾಯಿ ಬಿಟ್ಟು ಕೇಳಿದೆ ಕೂಡ. ಶಿಲ್ಪ ಅತ್ಲು. ಅಳ್ಲಿ ಅಂತ ಬಿಟ್ಟೆ.

ನೀನು ಹೊತ್ಕೊಂಡು ಹೋಗಿದ್ದನ್ನೆಲ್ಲ ನಾನು ಇಲ್ಲಿ ಬರೆಯಲ್ಲ, ಮೇಡಂ ಮುಂದೆ ಮರ್ಯಾದೆ ಕಳೆಯಲ್ಲ. ಮಿಕ್ಸಿ ಒಂದು ಹೇಳ್ತೀನಿ, ಯಾಕಂದ್ರೆ ಅದರ ಜಾರು ನಮ್ಮ ಕಣ್ಣ ಮುಂದೇನೇ ಇದೆ, ಅಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದಾಳೆ. ಮಿಕ್ಸಿ ಇಲ್ಲದ ಮನೇಲಿ ಮಿಕ್ಸಿ ಜಾರು ನೋಡ್ಕೊಂಡು ದಿನಾ ಊಟ ಮಾಡ್ತೀವಿ. ಕೈಗೆ ಸಿಕ್ಕಿದ್ದೆಲ್ಲ ಹೋಯ್ತು, ಕಂಪ್ಯೂಟರ್ ಒಂದು ಉಳೀತು. ಅದು ಉಳಿದಿದ್ದು ನಿನ್ನ ಒಳ್ಳೇತನದಿಂದ ಅಲ್ಲ, ಅದರ ತೂಕದಿಂದ. ಅದನ್ನೂ ನೀನು ಬಿಟ್ಟೋನಲ್ಲ. ಆ ದಪ್ಪ ಬೆನ್ನಿನ ಮಾನಿಟರ್‌ನ ಹೆಗಲ ಮೇಲೆ ಇಟ್ಕೊಂಡು, ವೈರು ಹಿಂದೆ ಬಾಲದ ಥರ ನೆಲಕ್ಕೆ ಎಳ್ಕೊಂಡು, ಹಾಡುಹಗಲಲ್ಲಿ ಬಾಗಲೂರು ರಸ್ತೇಲಿ ನಡ್ಕೊಂಡು ಹೋದೆ. ಗುಜರಿ ಖುರ್ಷೀದ್ ಭಾಯ್ ಅಂಗಡಿ ಮುಂದೆ ಇಳಿಸಿ ‘ಏನ್ ಕೊಡ್ತೀಯ’ ಅಂದ್ಯಂತೆ. ಅವರು ‘ಚಿಕ್ಕಮುನಿ, ಈ ಡಬ್ಬಾನ ಈಗ ಗುಜರಿಯವನೂ ಮುಟ್ಟಲ್ಲ. ಮುಟ್ಟಿದ್ರೂ ನಿನ್ ಮಗನ ಅನ್ನಾನ ನಾನ್ ತಕ್ಕಡಿಗೆ ಹಾಕಲ್ಲ, ಗಾಡಿ ಹತ್ತು’ ಅಂತ ಮಾನಿಟರ್‌ನೂ ನಿನ್ನೂ ತಮ್ಮ ಗೂಡ್ಸ್ ಆಟೋಲಿ ಹಾಕ್ಕೊಂಡು ಬಂದು ಬಾಗಿಲಲ್ಲಿ ಇಳಿಸಿದ್ರು. ನಾನು ಮಾನಿಟರ್ ಇಳಿಸ್ಕೊಂಡೆ. ಅಮ್ಮ ನಿನ್ನ ಇಳಿಸ್ಕೊಂಡ್ಲು. ಆವತ್ತೇ ನನ್ನ ತಲೆಗೆ ಒಂದು ಬುದ್ಧಿ ಬಂತು, ಈ ಮನೇಲಿ ಏನಾದ್ರೂ ಉಳೀಬೇಕು ಅಂದ್ರೆ ಅದು ಭಾರ ಇರ್ಬೇಕು.

ಜಗಳ ಬಿಡಿಸಿದ್ದು ಶಿಲ್ಪ. ಕಾಲೇಜಲ್ಲಿ ಯಾರದೋ ಹತ್ರ ಕೇಳ್ಕೊಂಡು ಬಂದು ‘ಅಣ್ಣಾ, ಹದಿನೇಳು ಇಂಚಿನ ಲ್ಯಾಪ್‌ಟಾಪ್ ಬರತ್ತಂತೆ. ಮನೇಲಿ ಡೆಸ್ಕ್‌ಟಾಪ್ ಬದಲಿಗೆ ಇಟ್ಕೊಳ್ಳೋಕೇ ಅದನ್ನ ಮಾಡೋದಂತೆ. ಯಾರೂ ಹೊತ್ಕೊಂಡು ತಿರುಗಲ್ವಂತೆ’ ಅಂದ್ಲು. ಕೊನೇ ಮಾತು ಹೇಳಿ ನನ್ನ ಮುಖ ನೋಡಿದ್ಲು. ಸರಿ ನಡಿ ಅಂತ ಮೂರು ಜನಾನೂ ನ್ಯೂ ಟೌನಲ್ಲಿರೋ ಅಂಗಡಿಗೆ ಹೋದ್ವಿ. ನಾನು ನಿನ್ನ ನೀಲಿ ಚೆಕ್ಸ್ ಅಂಗಿ ಹಾಕ್ಕೊಂಡು ಹೊರಟೆ. ‘ಅದು ನಿಂಗೆ ದೊಗಲೆ, ಬ್ಯಾರೆ ಆಕ್ಕೊ’ ಅಂತ ಅಮ್ಮ ಬೈದ್ಲು. ನಾನು ಬೇಕು ಅಂತಲೇ ಹಾಕ್ಕೊಂಡಿದ್ದೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳ್ಬೇಡ, ಅದರ ಕಥೆ ನಿಂಗೆ ಬೇಡ.

ಅಂಗಡೀಲಿ ವಿಶ್ವನಾಥ ಅಂತ ಒಬ್ಬ, ಗದಗ ಕಡೆಯೋನು, ಒಳ್ಳೆ ಮಾತುಗಾರ. ಮೊದಲು ಹದಿನೈದು ಇಂಚಿಂದು ತೋರಿಸಿದ. ತೆಳ್ಳಗೆ, ಹೊಳೀತಿತ್ತು. ಎತ್ತಿ ನೋಡಿದೆ, ನಿಂಗೆ ಒಂದು ಕೈ ಸಾಕು. ದೊಡ್ಡದು ತೋರ್ಸಿ ಅಂದೆ. ಮೂಲೆಯಿಂದ ಎರಡೂ ಕೈಲಿ ಹಿಡ್ಕೊಂಡು ಬಂದ, ಅದರ ಚಾರ್ಜರೇ ಒಂದು ಇಟ್ಟಿಗೆ. ‘ಅಣ್ಣಾರ, ಇದು ಹೆಸರಿಗಷ್ಟ ಲ್ಯಾಪ್‌ಟಾಪ್ ನೋಡ್ರಿ. ತೊಡಿ ಮ್ಯಾಲ ಇಟ್ಕೊಂಡ್ರ ಕಾಲು ಜೋಮು ಹಿಡಿತಾವ. ಮನ್ಯಾಗ ಒಂದ ಕಡೆ ಇಡ್ರಿ, ಕರೆಂಟ್ ಹೋದ್ರ ಒಂದ ತಾಸು ತಡೀತೈತಿ, ಅಷ್ಟ. ಬಸ್ಸಿನ್ಯಾಗ ಒಯ್ಯಾಕ ಹೋದ್ರ ಕಂಡಕ್ಟರ್ ಇದಕ್ಕೊಂದು ಟಿಕೆಟ್ ಕೇಳ್ತಾನ’ ಅಂದ. ಶಿಲ್ಪ ನಕ್ಕಳು. ಪಕ್ಕದಲ್ಲಿ ನಂಬರ್ ಕೀ ಬೇರೆ ಇತ್ತು, ಅಕ್ಷರ ದೊಡ್ಡದು, ಅಮ್ಮನೂ ದೂರದಿಂದ ಓದಬೌದು. ಎಲ್ಲ ಸರಿ, ನಂಗೆ ಬೇಕಾಗಿದ್ದು ಬೇರೆ. ವಿಶ್ವನಾಥ ಬಿಲ್ ಪುಸ್ತಕ ತರೋಕೆ ಆ ಕಡೆ ತಿರುಗಿದ. ನಾನು ಹದಿನೈದು ಇಂಚಿಂದು ಮಡಚಿ ಅಂಗಿ ಗುಂಡಿ ಬಿಚ್ಚಿ ಒಳಗೆ ಸೇರಿಸಿ ಮತ್ತೆ ಗುಂಡಿ ಹಾಕ್ಕೊಂಡೆ. ಕನ್ನಡೀಲಿ ನೋಡ್ಕೊಂಡೆ. ಏನೂ ಕಾಣ್ಲಿಲ್ಲ ಅಪ್ಪಾ. ಸ್ವಲ್ಪ ಹೊಟ್ಟೆ ಬಂದಂಗೆ, ಅಷ್ಟೇ. ನಿನ್ನ ಅಂಗಿ ಒಳಗೆ ಅದು ಆರಾಮಾಗಿ ಕೂತ್ಕೊಂತು, ಅಲ್ಲೇ ಹುಟ್ಟಿ ಬೆಳೆದಂಗೆ. ಅದನ್ನ ತೆಗೆದು ದೊಡ್ಡದನ್ನ ತುರುಕೋಕೆ ಹೋದೆ. ಹೋಗ್ಲಿಲ್ಲ. ಎರಡು ಗುಂಡಿ ಕಿತ್ಕೊಂಡು ಬಿದ್ವು, ಮೂಲೆ ಕತ್ತಿನ ಹತ್ರ ಹೊರಗೆ ಬಂತು. ಅಷ್ಟರಲ್ಲಿ ಸೆಕ್ಯುರಿಟಿ ‘ಏಯ್! ಏನೋ ಮಾಡ್ತಿದೀಯ?’ ಅಂತ ಓಡಿ ಬಂದು ನನ್ನ ಕೊರಳಪಟ್ಟಿ ಹಿಡಿದ. ಅಂಗಡೀಲಿರೋ ಜನ ಎಲ್ಲ ತಿರುಗಿ ನೋಡಿದ್ರು. ಶಿಲ್ಪ ‘ಕಳ್ಳತನ ಅಲ್ಲ ಅಂಕಲ್, ಅಳತೆ ನೋಡ್ತಿದಾನೆ’ ಅಂದ್ಲು. ಲ್ಯಾಪ್‌ಟಾಪ್‌ಗೆ ಅಂಗಿ ಅಳತೆ ಯಾವೋನು ನೋಡ್ತಾನೆ ಅಂತ ಅವನು ಇನ್ನೂ ಬಿಗಿಯಾಗಿ ಹಿಡಿದ. ಬಿಡಿಸಿದ್ದು ವಿಶ್ವನಾಥ. ‘ಬಿಡೋ ಮಾರಾಯಾ, ತಾಯಿ ತಂಗಿ ಕರ್ಕೊಂಡು ಕಳವು ಮಾಡಾಕ ಯಾರರ ಬರ್ತಾರೇನು’ ಅಂತ ನನ್ನ ನೋಡಿ ಒಂದು ಪ್ರಶ್ನೆನೂ ಕೇಳ್ದೆ, ಹದಿನೈದು ಇಂಚಿಂದನ್ನ ಸುಮ್ನೆ ಎತ್ತಿ ಕಪಾಟಿಗಿಟ್ಟ. ಅವನ ಮನೇಲೂ ಯಾರೋ ಇರ್ಬೇಕು.

ಅಮ್ಮಂಗೆ ಎಲ್ಲ ಅರ್ಥ ಆಗಿತ್ತು. ನೆಲದ ಮೇಲೆ ಬಿದ್ದ ಎರಡು ಗುಂಡಿ ಆರಿಸ್ಕೊಂಡು ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಲು. ಆಮೇಲೆ ಮೆಲ್ಲಗೆ ‘ನಿಮ್ಮಪ್ಪ ಅಂಗಿ ಒಳಗೆ ಬಚ್ಚಿಟ್ಕೊಂಡೋಗೋನಲ್ಲ ಕಣೋ. ಓದಾಗೆಲ್ಲ ಎಗಲ ಮೇಲೆ ಇಟ್ಕೊಂಡು ಊರಿಗೆಲ್ಲ ಕಾಣಂಗೇ ಓದ’ ಅಂದ್ಲು. ಇದನ್ನ ನಿನ್ನ ಪರವಾಗಿ ಹೇಳಿದ್ಲೋ ವಿರೋಧವಾಗಿ ಹೇಳಿದ್ಲೋ ನಂಗೆ ಇನ್ನೂ ಗೊತ್ತಾಗಿಲ್ಲ. ಕೋಪ ನೆತ್ತಿಗೇರಿತ್ತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ನಮ್ಮ ಕೆಲಸದಲ್ಲಿ ಸ್ಕ್ರೀನ್ ಬಣ್ಣ ಸರಿ ಇದೆಯಾ ಅಂತ ನೋಡೋಕೆ ಒಂದೇ ದಾರಿ. ಅಂಗಡಿಯವರು ಹಾಕಿರೋ ಗಿಣಿ, ಹೂವು ನೋಡಿದ್ರೆ ಎಲ್ಲ ಸ್ಕ್ರೀನೂ ಚೆನ್ನಾಗೇ ಕಾಣತ್ತೆ. ಆ ಗಿಣಿ ನಿಜವಾಗ್ಲೂ ಎಷ್ಟು ಹಸಿರಿತ್ತು ಅಂತ ಯಾರು ನೋಡಿದಾರೆ? ಚೆನ್ನಾಗಿ ಗೊತ್ತಿರೋ ಮುಖ ಒಂದು ಹಾಕ್ಬೇಕು. ನೆನಪಿದೆಯಾ, ಹಳೇ ಮಾನಿಟರ್ ಬಣ್ಣ ಕೆಟ್ಟಾಗೆಲ್ಲ ನಿನ್ನ ಎಳ್ಕೊಂಡು ಬಂದು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂರಿಸ್ತಿದ್ದೆ. ಸ್ಕ್ರೀನಲ್ಲಿ ನಿನ್ನ ಫೋಟೋ, ಪಕ್ಕದಲ್ಲಿ ನೀನು, ಎರಡೂ ಒಂದೇ ಬಣ್ಣಕ್ಕೆ ಬರೋವರೆಗೂ ಬಟನ್ ಒತ್ತುತಿದ್ದೆ. ‘ಬೆಳ್ಳಗೆ ಮಾಡೋ, ಮದುವೆ ಗಂಡಿನ ಥರ’ ಅಂತಿದ್ದೆ ನೀನು. ಫ್ಲೆಕ್ಸಲ್ಲಿ ಮುಖ ಬರ್ಬೇಕು ಅಂತ ಎಷ್ಟು ಆಸೆ ನಿಂಗೆ. ಅದಕ್ಕಂತಲೇ ಕೂತು ತಲೆ ಬಾಚ್ಕೊಂಡು ಫೋಟೋ ತೆಗೆಸ್ಕೋತಿದ್ದೆ. ಆ ಫೋಟೋದಲ್ಲಿ ನಿನ್ನ ಕಣ್ಣಿನ ಕೆಂಪು ತೆಗೀತಿದ್ದೋನು ನಾನು. ದೊಡ್ಡದು ಮಾಡ್ಕೊಂಡು, ಒಂದೊಂದು ನರ ಹಿಡಿದು ಬಿಳಿ ಹಚ್ಚಿ ಒರೆಸ್ತಿದ್ದೆ. ಯಲಹಂಕಕ್ಕೆಲ್ಲ ನೀನು ಬಿಳೀ ಕಣ್ಣಿನ ಚಿಕ್ಕಮುನಿಯಪ್ಪ. ಕೆಂಪು ಕಣ್ಣಿನೋನು ನನ್ನ ಪೆನ್‌ಡ್ರೈವಲ್ಲಿ ಬೇರೆ ಫೋಲ್ಡರಲ್ಲಿ ಇದಾನೆ.

ಆ ಫೋಟೋನೇ ಪೆನ್‌ಡ್ರೈವಲ್ಲಿ ತಗೊಂಡು ಹೋಗಿದ್ದೆ, ಒರೆಸದೇ ಇರೋದು. ಅಮ್ಮಂದೋ ಶಿಲ್ಪಂದೋ ಒಯ್ಯಬೌದಿತ್ತು ಅಂತೀಯ. ಅವರ ಮುಖ ಅಷ್ಟು ಹತ್ರದಿಂದ ನಾನು ನೋಡೇ ಇಲ್ಲ. ಹಾಕಿ ನೋಡಿದೆ. ಪಕ್ಕದ ಬೇರೆ ಲ್ಯಾಪ್‌ಟಾಪಲ್ಲಿ ಸ್ವಲ್ಪ ಬಗ್ಗಿದ್ರೆ ನೀನು ಕಪ್ಪು, ಎದ್ದು ನಿಂತ್ರೆ ಸುಣ್ಣ ಬಳಿದಂಗೆ. ಈ ದೊಡ್ಡದರಲ್ಲಿ ಎಲ್ಲಿಂದ ನೋಡಿದ್ರೂ ನೀನು ನೀನೇ. ಹುಬ್ಬಿನ ಗಾಯದ ಗುರುತು ಕೂಡ ಇದ್ದಲ್ಲೇ ಇತ್ತು. ವಿಶ್ವನಾಥ ಬಗ್ಗಿ ನೋಡಿ ‘ಯಾರ್ರೀ ಇವ್ರು, ಲೀಡರ್ ಏನ್ರೀ?’ ಅಂದ. ನಾನು ಬಾಯಿ ಬಿಡೋ ಮುಂಚೆ ಅಮ್ಮ ‘ನಮ್ಮ ಯಜಮಾನ್ರು. ಉಸಾರಿಲ್ಲ, ಆಸ್ಪತ್ರೇಲವ್ರೆ, ಬತ್ತಾರೆ’ ಅಂದ್ಲು. ಬತ್ತಾರೆ ಅಂತ ಒತ್ತಿ ಹೇಳಿದ್ಲು. ನನ್ನ ಕಡೆ ನೋಡ್ಲಿಲ್ಲ.

ದೊಡ್ಡದನ್ನೇ ತಗೊಂಡ್ವಿ. ಅದರ ಜೊತೆ ನಾನು ಇನ್ನೊಂದು ತಗೊಂಡೆ, ಉಕ್ಕಿನ ಚೈನು. ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ತೂತಿರತ್ತೆ, ಅಲ್ಲಿಗೆ ಅದರ ಬೀಗ ಕೂರತ್ತೆ, ನಂಬರ್ ಹಾಕಿದ್ರೆ ಮಾತ್ರ ಬಿಚ್ಚತ್ತೆ. ಮನೆಗೆ ಬಂದ ಸಾಯಂಕಾಲಾನೇ ಅಮ್ಮ ಟೇಬಲ್ ಹೊರಗೆ ಹಾಕಿಸಿ, ನಿನ್ನ ಮಂಚ ತೊಳೆದು ಒಳಗೆ ತಂದು, ಹೊಸ ಬೆಡ್‌ಶೀಟ್ ಹಾಸಿದ್ಲು. ಸರಿ, ಹಾಸು ಅಂತ ನೋಡ್ತಾ ನಿಂತಿದ್ದೆ. ಆಮೇಲೆ ಲ್ಯಾಪ್‌ಟಾಪ್ ತಂದು ತಲೆ ಕಡೆ ಸ್ಟೂಲ್ ಮೇಲಿಟ್ಟು, ಚೈನನ್ನ ನಿನ್ನ ಮಂಚದ ಕಾಲಿಗೇ ಎರಡು ಸುತ್ತು ಸುತ್ತಿ ಬೀಗ ಹಾಕಿದೆ. ಈಗ ಅದನ್ನ ಮಾರ್ಬೇಕು ಅಂದ್ರೆ ನೀನು ಮಂಚಾನೂ ಹೊತ್ಕೊಂಡೇ ಹೋಗ್ಬೇಕು. ಅಮ್ಮ ಬಾಗಿಲಲ್ಲಿ ನಿಂತು ನೋಡಿ ‘ನಾಯಿ ಕಟ್ದಂಗೆ ಕಟ್ಟಿದೀಯಲ್ಲೋ’ ಅಂದ್ಲು. ‘ನಾಯಿ ಕಟ್ಟೋದು ಕಳ್ಳ ಬರ್ತಾನೆ ಅಂತ ಕಣಮ್ಮ’ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ಲು. ಅನ್ನ ಬಡಿಸೋಳು, ಮಾತು ಇಲ್ಲ. ನಾನು ಬಿಚ್ಚಲಿಲ್ಲ. ದಿನಾ ನಿನ್ನ ಮಂಚದ ಮೇಲೆ ಕೂತು, ಕಟ್ಟಿ ಹಾಕಿದ ಲ್ಯಾಪ್‌ಟಾಪಲ್ಲಿ ಮುನಿಆಂಜಿನಪ್ಪಂಗೆ ಶುಭ ಕೋರ್ತಿದ್ದೆ.

ಮೊದಲು ಬಣ್ಣ ಕೂರಿಸ್ಬೇಕಲ್ಲ. ನೀನಿಲ್ಲ, ನಿನ್ನ ಫೋಟೋ ಇದೆ. ನೀನು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿದೀಯ ಅಂತ ಅಂದ್ಕೊಂಡು, ನೆನಪಲ್ಲೇ ನೋಡ್ಕೊಂಡು ಸ್ಕ್ರೀನ್ ಬಣ್ಣ ಸರಿ ಮಾಡ್ದೆ. ಇನ್ನೂ ಕೆಂಪು ಬೇಕು, ಇನ್ನೂ ಸ್ವಲ್ಪ, ನಮ್ಮಪ್ಪ ಇಷ್ಟು ತಣ್ಣಗಿರೋನಲ್ಲ ಅಂತ ಏರಿಸ್ತಾ ಹೋದೆ. ಸರಿಯಾಗಿ ನೀನೇ ಅನ್ನಿಸ್ದಾಗ ನಿಲ್ಲಿಸಿದೆ. ಆಮೇಲೆ ಮುನಿಆಂಜಿನಪ್ಪನ ಮುಖ ತೆಗೆದ್ರೆ ಟೊಮೇಟೊ ಥರ ಕಂಡ. ಅವನ ಫೋಟೋದಲ್ಲಿ ಕೆಂಪು ಇಳಿಸ್ದೆ. ಇಳಿಸಿ ಇಳಿಸಿ ನಂಗೆ ಸರಿ ಅನ್ನಿಸೋವರೆಗೂ ಇಳಿಸಿ ಕಳಿಸ್ದೆ. ಸೋಮವಾರ ಸಬೀರಾ ಅಕ್ಕ ಫೋನಲ್ಲೇ ಕಿರುಚಿದ್ರು. ಓಡಿ ಹೋದೆ. ಹನ್ನೆರಡು ಅಡಿ ಫ್ಲೆಕ್ಸು ಬಿಸಿಲಲ್ಲಿ ಹಾಸಿದ್ರು, ಅದರ ಮೇಲೆ ಮುನಿಆಂಜಿನಪ್ಪ ಹೆಬ್ಬಾಳ ಕೆರೆ ಪಾಚಿ ಬಣ್ಣಕ್ಕೆ ತಿರುಗಿ ಹಲ್ಲು ಕಿರೀತಿದ್ದ. ‘ಏನ್ ಮಾಡಿದ್ಯೋ ಇವರಿಗೆ? ಹುಟ್ಟುಹಬ್ಬಕ್ಕೆ ಹೆಣ ಮಾಡಿಟ್ಟಿದೀಯಲ್ಲೋ! ಇದನ್ನ ರೋಡಲ್ಲಿ ಕಟ್ಟಿದ್ರೆ ಅವನ ಹುಡುಗ್ರು ನನ್ನ ಕಟ್ತಾರೆ’ ಅಂತ ಬೈದ್ರು. ಮನೆಗೆ ಹೋಗಿ ಬೀಗ ಬಿಚ್ಚಿ ಲ್ಯಾಪ್‌ಟಾಪ್ ಹೊತ್ಕೊಂಡು ಬಂದೆ. ಅವರು ನಿನ್ನ ಫೋಟೋನ ಅಂಗೈ ಅಗಲ ಪ್ರಿಂಟ್ ತೆಗೆದು ಸ್ಕ್ರೀನ್ ಪಕ್ಕ ಹಿಡಿದ್ರು. ಪ್ರಿಂಟಲ್ಲಿ ನೀನು ಮಾಮೂಲಿ ಮನುಷ್ಯ. ಸ್ಕ್ರೀನಲ್ಲಿ ಕೆಂಡ. ‘ನಿಮ್ಮಪ್ಪ ಇಷ್ಟು ಕೆಂಪು ಎಲ್ಲಿದಾರೋ? ಫೋಟೋದಲ್ಲೇ ಇಲ್ವಲ್ಲ. ಈ ಕೆಂಪು ಎಲ್ಲಿಂದ ತಂದೆ ನೀನು?’ ಅಂದ್ರು.

ಪ್ರಿಂಟ್‌ನ ಅಕ್ಕನ ಕೈಯಿಂದ ಇಸ್ಕೊಂಡೆ ಅಪ್ಪಾ. ಸ್ಕ್ರೀನ್ ಪಕ್ಕ ಹಿಡಿದು ನಾನೇ ನೋಡಿದೆ. ಕಣ್ಣು ಕೆಂಪೇ, ಅದು ಸುಳ್ಳಲ್ಲ. ಆದ್ರೆ ಕೆನ್ನೆ, ಹಣೆ, ಕಿವಿ, ಅದಕ್ಕೆಲ್ಲ ಕೆಂಪು ಬಳಿದೋನು ನಾನೇ. ನನ್ನ ತಲೇಲಿರೋ ನೀನು ಫೋಟೋದಲ್ಲಿರೋ ನಿನಗಿಂತ ಕೆಟ್ಟದಾಗಿದೀಯ. ಇದಕ್ಕೆ ನಾನು ಕ್ಷಮಿಸು ಅಂತ ಕೇಳಲ್ಲ, ತಲೆ ಹಂಗಾಗೋಕೆ ನೀನೇ ಕಾರಣ. ಆದ್ರೆ ಕೆಲಸಕ್ಕೆ ಅದು ಆಗಲ್ಲ. ಅಕ್ಕಾನೇ ಪಕ್ಕ ನಿಂತು ತಿದ್ದಿಸಿ ಬೇರೆ ಪ್ರಿಂಟ್ ಹಾಕಿದ್ರು, ‘ಇದೊಂದು ಸಲ ಕಣೋ, ಮುಂದೆ ಗಣೇಶನ ಹಬ್ಬದ ಆರ್ಡರ್ ಇದೆ, ದಿನಾ ನಿನ್ನ ಕಣ್ಣು ನಾನು ಆಗೋಕಾಗಲ್ಲ’ ಅಂದ್ರು. ಕೆಟ್ಟ ಫ್ಲೆಕ್ಸ್ ಮನೆಗೆ ತಂದು ಮಳೆ ಸೋರೋ ಕಡೆ ಶೀಟ್ ಮೇಲೆ ಹೊದಿಸಿದೀನಿ. ಪಾಚಿ ಮುನಿಆಂಜಿನಪ್ಪ ಮಲ್ಕೊಂಡು ಆಕಾಶ ನೋಡ್ತಾ, ಏರ್‌ಪೋರ್ಟಿಗೆ ಇಳಿಯೋ ವಿಮಾನಕ್ಕೆಲ್ಲ ಕೈ ಮುಗೀತಿದಾನೆ. ನಿನ್ನ ಲೀಡರು ಮೊದಲ ಸಲ ನಮ್ಮ ಮನೆಗೆ ಉಪಯೋಗಕ್ಕೆ ಬಂದಿದಾನೆ ನೋಡು, ಮಂಚದ ಮೇಲೆ ಈಗ ಒಂದು ಹನೀನೂ ಬೀಳಲ್ಲ.

ಇಷ್ಟೇ ಸಮಾಚಾರ. ಅಮ್ಮ ಆರಾಮಾಗಿದಾಳೆ, ಮಂಡಿ ನೋವು ಇದ್ದಿದ್ದೇ. ಆ ಎರಡು ಗುಂಡಿ ನಿನ್ನ ಅಂಗಿಗೆ ಮತ್ತೆ ಹೊಲಿದು, ಇಸ್ತ್ರಿ ಮಾಡಿಸಿ ಮಂಚದ ಮೇಲೆ ಮಡಚಿ ಇಟ್ಟಿದಾಳೆ. ಶಿಲ್ಪ ನಿಂಗೆ ನಮಸ್ಕಾರ ಹೇಳಿದಾಳೆ, ಟೆಸ್ಟಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ, ಬಂದಾಗ ತಾನೇ ಹೇಳ್ತಾಳಂತೆ, ನಾನು ಹೇಳ್ಬಾರದಂತೆ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಅಲ್ಲಿರೋರ ಜೊತೆ ಜಗಳ ಆಡ್ಬೇಡ. ಮೇಡಂ ಹೇಳಿದ್ದು ಕೇಳು.

ಇಂತಿ ನಿನ್ನ ಮಗ,
ಮಹೇಂದ್ರ

ಮರೆತಿದ್ದು: ಶಿಲ್ಪ ಇದನ್ನ ಪೋಸ್ಟಿಗೆ ಹಾಕೋಕೆ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತು ಬೈತಿದಾಳೆ, ಬೇಗ ಬರೀತೀನಿ. ಮೇಡಂ, ನೀವು ಕೇಳಿದ್ದಕ್ಕೆ ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ. ಭಾನುವಾರ ನಾನು ಬರ್ತೀನಿ. ಅಪ್ಪಾ, ಖುರ್ಷೀದ್ ಭಾಯ್ ಗಾಡಿ ಕೇಳಿದೀನಿ, ಆವತ್ತು ನಿನ್ನೂ ಮಾನಿಟರ್‌ನೂ ವಾಪಸ್ ತಂದಿದ್ರಲ್ಲ, ಅದೇ ಗಾಡಿ. ಬೆಳಿಗ್ಗೆ ಗೇಟ್ ಹತ್ರ ರೆಡಿ ಇರು, ಕಾಯಿಸ್ಬೇಡ. ಮನೆಗೆ ಬಂದು ಮುದ್ದೆ ಉಂಡು ಸ್ಟೂಲ್ ಮೇಲೆ ಕೂತ್ಕೊ, ಹೊಸ ಫೋಟೋ ತೆಗೆದು ಬಣ್ಣ ಕೂರಿಸ್ಬೇಕು, ಹಳೇದು ಉಪಯೋಗ ಇಲ್ಲ. ಈ ಸಲ ಕಣ್ಣು ಒರೆಸಲ್ಲ, ಹೆಂಗಿದೆಯೋ ಹಂಗೆ. ಮೇಲೆ ಬಿಟ್ಟ ಜಾಗ ಇನ್ನೂ ಖಾಲಿ ಇದೆ, ಸದ್ಯಕ್ಕೆ ಇರ್ಲಿ. ಬೀಗ ಬಿಚ್ಚು ಅಂತ ಕೇಳ್ಬೇಡ, ಅಮ್ಮನ ಕೈಲೂ ಕೇಳಿಸ್ಬೇಡ. ಅದು ಅಲ್ಲೇ ಇರತ್ತೆ. ನೀನೂ ಇರು.